ಡೆಲ್ಮರ್‌ನ ಹಳದಿ ತೋಟಾಗಳು

ನನ್ನ ತಂಗಿ ನೋರೀನಳ ಗಂಡ ಡೆಲ್ಮರ್ ಟ್ವೇಟ್‌ನ ಬೆರಳುಗಳನ್ನು ನೋಡಿದರೆ ನನಗೆ ಊಟ ಸೇರುವುದಿಲ್ಲ. ಉಗುರಿನ ಸಂದಿಯಲ್ಲಿ ಸೀಸದ ಕರಿ, ಹೆಬ್ಬೆರಳಿನ ಗೆರೆಗಳಲ್ಲಿ ಗುಂಡಿಗೆ ಸವರುವ ಮೇಣ ಮತ್ತು ದನದ ಕೊಬ್ಬು ಬೆರೆತ ಜಿಡ್ಡು. ಅದೇ ಬೆರಳಿನಿಂದ ಡೋನಟ್ ಮುರಿದು ನನ್ನ ಕಡೆಗೂ ಒಂದು ತುಂಡು ಚಾಚುತ್ತಾನೆ. ಬೇಡವೆಂದರೆ, ಈ ರೊಬರ್ಟಾಗೆ ಮೈ ಇಳಿಸುವ ಹುಚ್ಚು ಹಿಡಿದಿದೆ ಎಂದು ನನ್ನನ್ನು ನೋಡಿ ನಗುತ್ತಾನೆ. ನಗುವಾಗ ಕಾಣುವ ಹಲ್ಲುಗಳ ಬಗ್ಗೆ ನಾನು ಏನೂ ಹೇಳುವುದಿಲ್ಲ.

ರಿವಾಲ್ವರಿನ ತೋಟಾಗಳಿಗೆ ಮನೆಯಲ್ಲೇ ಮದ್ದು ತುಂಬಿಕೊಳ್ಳುವುದು ನಮ್ಮ ಮೊಂಟಾನಾದ ಈ ಕಣಿವೆಯಲ್ಲಿ ಹೊಸದೇನಲ್ಲ. ನಮ್ಮಪ್ಪನೂ ತುಂಬುತ್ತಿದ್ದ. ಆದರೆ ಅವನು ಹಿತ್ತಲ ಶೆಡ್ಡಿನಲ್ಲಿ ಕೂತು, ಕೆಲಸ ಮುಗಿಸಿ, ಸೋಪು ಹಾಕಿ ಕೈ ತೊಳೆದು ಒಳಗೆ ಬರುತ್ತಿದ್ದ. ಡೆಲ್ಮರ್‌ಗೆ ಶೆಡ್ಡಿನಲ್ಲಿ ಚಳಿಯಂತೆ. ನೋರೀನಳ ಅಡಿಗೆಮನೆಯ ಒಲೆಯ ಮೇಲೇ ಹಳೆಯ ಸೀಸ ಕರಗಿಸಿ ಗುಂಡು ಎರಕ ಹೊಯ್ಯುತ್ತಾನೆ. ಬ್ರೆಡ್ ಕತ್ತರಿಸುವ ಮೇಜಿನ ತುದಿಗೇ ಮದ್ದು ತುಂಬುವ ಯಂತ್ರ ಬಿಗಿದಿದ್ದಾನೆ. ಒಮ್ಮೆ ನಾನು ಕಾಫಿಗೆಂದು ಕಪ್ಪು ಎತ್ತಿಕೊಂಡರೆ ತಳದಲ್ಲಿ ತೋಟಾದಿಂದ ತೆಗೆದ ಸುಟ್ಟ ಕೇಪುಗಳು ಗಲಗಲ ಎಂದವು. ಅವತ್ತಿನಿಂದ ಆ ಮನೆಗೆ ನನ್ನ ಕಪ್ಪು ನಾನೇ ಒಯ್ಯುತ್ತೇನೆ.

ಜಿಪುಣತನಕ್ಕೆ ಬಂದರೆ ಅವನು ಎಂಜಲು ಕೈಯಲ್ಲಿ ಕಾಗೆ ಓಡಿಸದವನು. ಗುಂಡು ಹಾರಿದ ಮೇಲೆ ಉಳಿಯುವ ಹಿತ್ತಾಳೆಯ ಖಾಲಿ ಕೊಳವೆಗೆ ಮತ್ತೆ ಮದ್ದು ತುಂಬಬಹುದಲ್ಲ, ಅದಕ್ಕಾಗಿ ಶೂಟಿಂಗ್ ಮೈದಾನದಲ್ಲಿ ಅಂಬೆಗಾಲಿಟ್ಟು ತನ್ನವನ್ನೂ ಪರರವನ್ನೂ ಹೆಕ್ಕುತ್ತಾನೆ. ಹುಲ್ಲಿನಲ್ಲಿ ಒಂದು ಉಳಿದರೂ ಅವನಿಗೆ ನಿದ್ದೆ ಬಾರದು. ಅಂಗಡಿಯ ತೋಟಾಗಳಲ್ಲಿ ಬರುವ, ನಿಕಲ್ ಲೇಪದ ಬಿಳಿ ಕೊಳವೆಗಳನ್ನು ಮಾತ್ರ ಮುಟ್ಟುವುದಿಲ್ಲ. ಅವು ಬೇಗ ಸೀಳುತ್ತವೆ, ಅಂಗಡಿಯವರ ಮೋಸ ಅದು ಎಂದು ಬೈಯುತ್ತಾನೆ. ಅವನ ತೋಟಾಗಳೆಲ್ಲ ಹಳದಿ, ಉಜ್ಜಿ ಉಜ್ಜಿ ಚಿನ್ನದ ಹಾಗೆ ಹೊಳೆಯುವಂಥವು.

ಈ ಜಿಪುಣತನದಲ್ಲೇ ಒಂದು ಕೇಡಿತ್ತು. ದೊಡ್ಡ ಗುಂಡಿನ ತೋಟಾ ತುಂಬುವವರು ಕೊನೆಗೆ ಕೊಳವೆಯ ಬಾಯಿಯನ್ನು ಗುಂಡಿನ ಮೇಲೆ ಗಟ್ಟಿಯಾಗಿ ಒಳಮಡಿಸಬೇಕು. ಇಲ್ಲದಿದ್ದರೆ ಒಂದು ಈಡು ಹಾರಿದಾಗ ಆ ಒದೆತಕ್ಕೆ ಪಕ್ಕದ ತೋಟಾಗಳ ಗುಂಡು ಮುಂದಕ್ಕೆ ಜಾರುತ್ತದೆ. ಮೂತಿ ಹೊರಚಾಚಿ ರಿವಾಲ್ವರಿನ ಚೌಕಟ್ಟಿಗೆ ತಗುಲುತ್ತದೆ, ತೋಟಾಗಳನ್ನು ಹೊತ್ತ ಉರುಳೆ ತಿರುಗುವುದಿಲ್ಲ, ಮುಂದಿನ ಈಡು ಹಾರುವುದಿಲ್ಲ. ಆದರೆ ಗಟ್ಟಿಯಾಗಿ ಮಡಿಸಿದಷ್ಟೂ ಹಿತ್ತಾಳೆ ಬೇಗ ಸೀಳುತ್ತದೆ. ಅದಕ್ಕೇ ಡೆಲ್ಮರ್ ಮಡಿಸಿದ ಶಾಸ್ತ್ರ ಮಾಡಿ ಬಿಡುತ್ತಿದ್ದ. ಅವನ ಸ್ವಂತ ರಿವಾಲ್ವರ್ ಉದ್ದ ನಳಿಗೆಯದು, ಕಬ್ಬಿಣದ ಹಾರೆಯಂತೆ ಭಾರ, ಅದಕ್ಕೆ ಒದೆತ ಕಡಿಮೆ. ಅದರಲ್ಲಿ ಹಾರಿಸಿ ನೋಡಿ, ಎಲ್ಲ ಸರಿಯಿದೆ ಎನ್ನುತ್ತಿದ್ದ. ನೋರೀನಳದು ಅದೇ ಅಳತೆಯ ಗುಂಡಿನದೇ ಆದರೂ ಪುಟ್ಟದು, ಹಗುರ, ಹಾರಿಸಿದರೆ ಕತ್ತೆಯಂತೆ ಒದೆಯುತ್ತದೆ. ಅವಳ ರಿವಾಲ್ವರಿನಲ್ಲಿ ಅವನು ಒಂದು ಸಲವೂ ಹಾರಿಸಿ ನೋಡಲಿಲ್ಲ.

ನಮ್ಮಲ್ಲಿ ಒಬ್ಬರು ತುಂಬಿದ ತೋಟಾವನ್ನು ಇನ್ನೊಬ್ಬರು ಹಾರಿಸುವುದಿಲ್ಲ. ಕೊಟ್ಟರೂ ಬೇಡವೆನ್ನುತ್ತಾರೆ, ಅದನ್ನು ಯಾರೂ ಅವಮಾನವೆಂದು ತಿಳಿಯುವುದಿಲ್ಲ. ಪರರ ತೋಟಾವೂ ಪರರು ಹಲ್ಲುಜ್ಜಿದ ಬ್ರಷ್ಷೂ ಒಂದೇ ಎಂದು ಶೂಟಿಂಗ್ ಕ್ಲಬ್ಬಿನ ಮುದುಕ ಹಾಲ್ವರ್ ಹೇಳುತ್ತಿರುತ್ತಾನೆ. ಡೆಲ್ಮರ್‌ನೂ ಊರವರ ವಿಷಯದಲ್ಲಿ ಅದನ್ನು ಒಪ್ಪುತ್ತಿದ್ದ. ಹೆಂಡತಿಯ ವಿಷಯ ಬಂದಾಗ ಮಾತ್ರ ಕಾನೂನು ಬೇರೆ. ಅವಳು ತನ್ನ ಹಳದಿ ತೋಟಾಗಳನ್ನೇ ಹಾಕಿಕೊಳ್ಳಬೇಕು. ಕರಡಿಗೆ ಎರಚುವ ಖಾರದ ಡಬ್ಬಿಯನ್ನು ಒಮ್ಮೆ ನಾನು ಅವಳಿಗೆ ತಂದುಕೊಟ್ಟಾಗ, ಗಂಡ ಸತ್ತಿದ್ದಾನೆಯೇ ಎಂದು ಕೇಳಿ ಅದನ್ನು ಕಸದ ಬುಟ್ಟಿಗೆ ಎಸೆದ.

ಬೇಸಿಗೆ ಕಳೆಯುತ್ತ ಬಂದಾಗ ನಾನೂ ನೋರೀನಳೂ ಗುಡ್ಡ ಹತ್ತಿ ಹಕಲ್‌ಬೆರಿ ಹಣ್ಣು ಕೀಳುತ್ತೇವೆ. ಕರಡಿಗೂ ಅದೇ ಹಣ್ಣು, ಅದೇ ಗುಡ್ಡ. ಈ ವರ್ಷ ಹೊರಡುವ ಮುಂಚೆ ಅಂಗಡಿಯ ತೋಟಾ ಹಾಕಿಕೋ ಎಂದು ನಾನು ಅವಳನ್ನು ಬೇಡಿಕೊಂಡೆ.

"ಹಾಕ್ಕೊಂಡ್ರೆ ಕ್ರಿಸ್‌ಮಸ್ ತನಕ ನನ್ ಜೊತೆ ಮಾತಾಡಲ್ಲ ಅವ್ನು," ಎಂದಳು ನೋರೀನ್.

"ಅದೇನು ಶಿಕ್ಷೆನಾ? ವರ ಅಂದ್ಕೋ," ಎಂದೆ.

ಅವಳು ನಕ್ಕಳು. ಆದರೆ ರಿವಾಲ್ವರಿಗೆ ಹಳದಿ ತೋಟಾಗಳನ್ನೇ ಹಾಕಿಕೊಂಡಳು.

ಡೆಲ್ಮರ್ ನಮ್ಮನ್ನು ಪಿಕಪ್ಪಿನಲ್ಲಿ ಕರೆದೊಯ್ದು, ಮಂಡಿ ನೋವೆಂದು ಗಾಡಿಯಲ್ಲೇ ಕೂತ. ನಾವು ಸ್ವಲ್ಪ ಮೇಲೆ ಹಣ್ಣು ಕೀಳುತ್ತಿದ್ದಾಗ ಪೊದೆಯಾಚೆಯಿಂದ ಕರಡಿಮರಿಯೊಂದು ಹೊರಬಂತು. ಅದರ ಬೆನ್ನಿಗೇ ತಾಯಿ. ನೋರೀನ್ ಸದ್ದು ಮಾಡುತ್ತ ಹಿಂದೆ ಸರಿದಳು, ನೆಲಕ್ಕೆ ಒಂದು ಈಡು ಹಾರಿಸಿದಳು. ಕರಡಿ ನಿಲ್ಲಲಿಲ್ಲ. ಇನ್ನೊಂದು ಹಾರಿಸಿದಳು, ಅದು ಗುರಿ ತಪ್ಪಿತು. ಮೂರನೆಯದಕ್ಕೆ ರಿವಾಲ್ವರಿನ ಕುದುರೆ ಎಳೆದರೆ ಉರುಳೆ ತಿರುಗಲಿಲ್ಲ. ಅವಳು ಎರಡೂ ಕೈಯಿಂದ ಎಳೆಯುತ್ತಿದ್ದದ್ದನ್ನು ನಾನು ನೋಡಿದೆ. ಕರಡಿ ಅವಳ ಎಡತೋಳನ್ನು ಬಾಯಲ್ಲಿ ಹಿಡಿದು ಕೊಡವಿತು. ನಾನು ಬಕೆಟ್ಟು ಬಡಿದು ಕಿರುಚಿದೆ, ಅದು ತೋಳು ಬಿಟ್ಟರೂ ಅವಳ ಮೇಲೆಯೇ ನಿಂತಿತ್ತು. ಅಷ್ಟರಲ್ಲಿ ಡೆಲ್ಮರ್ ಏದುಸಿರು ಬಿಡುತ್ತ ಬಂದು ಎರಡು ಈಡು ಹಾರಿಸಿದ. ಕರಡಿ ಮರಿಯೊಂದಿಗೆ ಇಳಿಜಾರು ಹಿಡಿಯಿತು.

ನಾನು ನನ್ನ ಅಂಗಿ ಹರಿದು ತಂಗಿಯ ತೋಳು ಕಟ್ಟುತ್ತಿದ್ದೆ. ಡೆಲ್ಮರ್ ನಮಗೆ ಬೆನ್ನು ಮಾಡಿ, ತನ್ನ ರಿವಾಲ್ವರಿನಿಂದ ಖಾಲಿ ಕೊಳವೆಗಳನ್ನು ಒಂದೊಂದಾಗಿ ತಳ್ಳಿ ಉದುರಿಸಿದ. ಹೆಕ್ಕಲಿಲ್ಲ. ಬೂಟಿನ ತುದಿಯಿಂದ ಅವುಗಳ ಮೇಲೆ ಹಾವಸೆ ಸರಿಸಿದ. ಹುಲ್ಲಿನಲ್ಲಿ ಅಂಬೆಗಾಲಿಡುವ ಈ ಮನುಷ್ಯ ಹಿತ್ತಾಳೆ ಬಿಟ್ಟು ನಡೆದದ್ದನ್ನು ನಾನು ಜನ್ಮದಲ್ಲಿ ಕಂಡಿರಲಿಲ್ಲ. ಅವನು ಗಾಡಿ ತರಲು ಇಳಿದಾಗ ಹಾವಸೆ ಕೆದಕಿ ನೋಡಿದೆ. ಅವು ಹಳದಿಯಲ್ಲ. ಬಿಳಿ ಲೇಪದವು, ತಳದಲ್ಲಿ ಕಾರ್ಖಾನೆಯ ಮುದ್ರೆ, ಅಂಗಡಿಯಿಂದ ತಂದ ತೋಟಾಗಳವು. ಎರಡನ್ನೂ ಜೇಬಿಗೆ ಹಾಕಿಕೊಂಡೆ.

ಆಸ್ಪತ್ರೆಯವರು ತೋಳು ಉಳಿಸಿದರು, ಎರಡು ಬೆರಳು ಮಾತ್ರ ಇನ್ನು ಮಡಿಸಲು ಬರುವುದಿಲ್ಲವಂತೆ. ನೋರೀನ್ ಮನೆಗೆ ಬಂದ ಮೇಲೂ ನಾನು ಬಾಯಿ ಬಿಡಲಿಲ್ಲ. ಅವಳು ಅವನ ಜೊತೆ ಬಾಳಬೇಕಲ್ಲ, ನೋವಿನ ಮೇಲೆ ನೋವೇಕೆ ಎಂದುಕೊಂಡೆ. ಊರವರು ಡೆಲ್ಮರ್‌ನನ್ನು ಹೊಗಳಿದ್ದೇ ಹೊಗಳಿದ್ದು. ಗಂಡನೆಂದರೆ ಹೀಗಿರಬೇಕು ಎಂದು ಚರ್ಚಿನ ಹೆಂಗಸರು ಅವನ ಮನೆಗೆ ಕೇಕು ಕಳಿಸಿದರು. ಅದನ್ನೂ ಅದೇ ಬೆರಳಿನಿಂದ ತಿಂದ.

ಶನಿವಾರ ಕ್ಲಬ್ಬಿನ ತಿಂಡಿಗೆ ಡೆಲ್ಮರ್ ನೋರೀನಳನ್ನೂ ಕರೆತಂದಿದ್ದ, ಅವಳ ತೋಳು ಇನ್ನೂ ಕೊರಳಿಗೆ ಕಟ್ಟಿದ ಬಟ್ಟೆಯ ಪಟ್ಟಿಯಲ್ಲಿತ್ತು. ಅವನ ಸೊಂಟದಲ್ಲಿ ರಿವಾಲ್ವರ್. ಬೆಲ್ಟಿನ ಕುಣಿಕೆಗಳಲ್ಲಿ ಸಾಲಾಗಿ ಹಳದಿ ತೋಟಾಗಳು, ನಾಲ್ಕು ಜನ ನೋಡಲಿ ಎಂದು. ಪ್ಯಾನ್‌ಕೇಕಿನ ಮೇಲೆ ಪಾಕ ಸುರಿದುಕೊಳ್ಳುತ್ತ ಕರಡಿಯ ಕಥೆ ಹೇಳಿದ. ಹೇಳಿದ ಪ್ರತಿ ಸಲವೂ ಕರಡಿ ಬೆಳೆಯುತ್ತಿತ್ತು. ಹಾಲ್ವರ್ ಮಧ್ಯೆ ಬಾಯಿ ಹಾಕಿ, ನೋರೀನಳ ರಿವಾಲ್ವರ್ ಯಾಕೆ ಕಚ್ಚಿಕೊಂಡಿತು ಎಂದು ಕೇಳಿದ.

"ಹೆಂಗಸ್ರ ಕೈ ಅಲ್ವಾ ಹಾಲ್ವರ್. ಬಿಗಿಯಾಗಿ ಹಿಡೀಲಿಲ್ಲ," ಎಂದ ಡೆಲ್ಮರ್. "ತೋಟಾದಲ್ಲಿ ಏನೂ ಇಲ್ಲ. ಅವಳ ಪ್ರಾಣ ಉಳಿಸಿದ್ದೂ ನಂದೇ ತೋಟಾ."

ನೋರೀನ್ ತಲೆ ತಗ್ಗಿಸಿ ಮಡಿಸಲಾಗದ ಬೆರಳುಗಳನ್ನು ಇನ್ನೊಂದು ಕೈಯಿಂದ ಮುಚ್ಚಿಕೊಂಡಳು. ತಪ್ಪು ತನ್ನದೇ ಎಂದು ಅವಳು ನಂಬತೊಡಗಿದ್ದಾಳೆ ಎನ್ನುವುದು ಆ ಕ್ಷಣ ನನಗೆ ತಿಳಿಯಿತು. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ. ಚೀಲದಿಂದ ಎರಡು ಬಿಳಿ ಕೊಳವೆ ತೆಗೆದು ಅವನ ತಟ್ಟೆಯ ಪಕ್ಕ ನಿಲ್ಲಿಸಿದೆ. ಇವನ ರಿವಾಲ್ವರಿನಿಂದ ಅವತ್ತು ಬಿದ್ದವು ಇವೇ, ಹಾವಸೆಯಡಿ ಮುಚ್ಚಿಟ್ಟಿದ್ದ ಎಂದೆ.

ಆ ಮೇಜಿನಲ್ಲಿ ಕೂತ ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಹಾಲ್ವರ್ ಒಂದನ್ನು ಎತ್ತಿ, ತಳದ ಮುದ್ರೆ ಓದಿ, ಸ್ವಸ್ಥಾನದಲ್ಲಿಟ್ಟ. ಕಾಫಿ ಕಪ್ಪು ಹಿಡಿದು ಬೇರೆ ಮೇಜಿಗೆ ಎದ್ದುಹೋದ.

ನೋರೀನ್ ಇನ್ನೊಂದು ಕೊಳವೆಯನ್ನು ಎತ್ತಿ ನೋಡಿದಳು.

"ನಿಂಗೆ ಅಂಗಡೀದು, ನಂಗೆ ನೀನು ತುಂಬಿದ್ದು. ಯಾಕೆ ಡೆಲ್ಮರ್?" ಎಂದಳು.

ಡೆಲ್ಮರ್ ಕಪಾಳಕ್ಕೆ ಹೊಡೆಸಿಕೊಂಡವನಂತೆ ಕಣ್ಣು ಮಿಟುಕಿಸಿದ. ಆದರೆ ಬಂದ ಉತ್ತರ ನೋಡಿ. "ಕಾಡಲ್ಲಿ ನಾನು ಒಬ್ನೇ ತಿರುಗ್ತೀನಲ್ಲ. ನಂಗೇನಾದ್ರೂ ಆದ್ರೆ ಯಾರಿದಾರೆ? ನಿನ್ ಜೊತೆ ರೊಬರ್ಟಾ ಇರ್ತಾಳೆ."

ನಾಚಿಕೆಯೆಂಬುದು ಎಲ್ಲಾದರೂ ಇದೆಯೇ ಎಂದು ನಾನು ಅವನ ಮುಖದಲ್ಲಿ ಹುಡುಕಿದೆ. ಗಲ್ಲದ ಮೇಲೆ ಪಾಕ ಬಿಟ್ಟರೆ ಬೇರೇನೂ ಕಾಣಲಿಲ್ಲ.

"ಹಣ್ಣು ಇನ್ನೂ ಇದೆ ಗುಡ್ಡದಲ್ಲಿ," ಎಂದಳು ನೋರೀನ್. ದನಿ ಏರಲಿಲ್ಲ. "ನನ್ನ ಬಲಗೈ ಚೆನ್ನಾಗಿದೆ. ನಿನ್ ಗನ್ನಲ್ಲಿರೋ ತೋಟಾ ಈಗ ನಂಗೆ ಕೊಡು. ನಂದಕ್ಕೂ ಅದೇ ಅಳತೆ."

ಡೆಲ್ಮರ್‌ನ ಕೈ ಸೊಂಟಕ್ಕೆ ಹೋಯಿತು. ರಿವಾಲ್ವರಿನ ಚೀಲದ ಮೇಲೆ ಅಂಗೈ ಮುಚ್ಚಿದ. ಆಮೇಲೆ ಬೆಲ್ಟಿನ ಕುಣಿಕೆಯಿಂದ ಹಳದಿಯವನ್ನು ಒಂದೊಂದಾಗಿ ಬಿಡಿಸಿ ಅವಳ ಮುಂದೆ ಸಾಲಾಗಿ ಇಟ್ಟ.

"ಇವನ್ನ ತಗೋ," ಎಂದ. "ಇವೂ ಚೆನ್ನಾಗೇ ಇವೆ."

ನೋರೀನ್ ಒಂದೇ ಕೈಯಿಂದ ಕೋಟು ಏರಿಸಿಕೊಂಡು ಎದ್ದುನಿಂತಳು.

"ರೊಬರ್ಟಾ, ಮನೆಗೆ ಹೋಗೋಣ," ಎಂದಳು. "ನಿಮ್ಮನೆಗೆ."