ಜೀಪಿನ ಹಿಂದೆ ಎರಡು ಬಡಿತ

ಇದನ್ನು ಹೇಳಿದಾಗ ನನ್ನ ತಮ್ಮ, “ಅವತ್ತು ಬಿಪಿ ಗುಳಿಗಿ ತಗೊಂಡಿದ್ದೇನಕ್ಕಾ?” ಎಂದ. ತೆಗೆದುಕೊಂಡಿದ್ದೆ. ತಲೆಯೂ ನೆಟ್ಟಗಿತ್ತು. ನಡೆದದ್ದನ್ನು ನಡೆದ ಹಾಗೆಯೇ ಬರೆಯುತ್ತಿದ್ದೇನೆ, ನಗುವವರು ನಗಲಿ.

ನಮ್ಮವರು ಸಂಡೂರಿನ ಗಣಿಗಳಲ್ಲಿ ಅದಿರಿನ ಟಿಪ್ಪರ್ ಓಡಿಸಿದವರು. ಒಂದು ಫೋರ್ ವೀಲ್ ಜೀಪ್ ಕೊಂಡು ಇಬ್ಬರೇ ಗುಡ್ಡ ಸುತ್ತಬೇಕು ಎಂಬುದು ಅವರ ಆಸೆ. ಅಷ್ಟರಲ್ಲಿ ಕಾಯಿಲೆ ಬಿದ್ದು ತೀರಿಕೊಂಡರು. ಹೊಸಪೇಟೆಯ ಮನೆಯಲ್ಲಿ ಸಂಜೆಗಳು ಭಣಗುಡತೊಡಗಿದವು. ಹಟ ಹಿಡಿದು ಜೀಪನ್ನು ನಾನೇ ಕೊಂಡೆ.

ಕಂಪ್ಲಿಯ ಹೊಳೆ ಮರಳಿನಲ್ಲಿ ತಮ್ಮ ಪಾಠ ಹೇಳಿದ. “ಏರು ಹತ್ತಲಿಲ್ಲಂದ್ರ ತಿರುಗಿಸಬ್ಯಾಡ, ಗಾಡಿ ಮಗಚ್ತೈತಿ. ಬಂದ ದಾರೀಲೆ ನೆಟ್ಟಗ ರಿವರ್ಸ್ ಬಾ. ಮತ್ತ, ಒಬ್ಬಾಕೀನ ಹೋಗಬ್ಯಾಡ.”

ಜೊತೆಗೆ ಯಾರನ್ನು ಕರೆಯಲಿ? ಒಬ್ಬಳೇ ಹೋದೆ.

ಪಾಪಿನಾಯಕನಹಳ್ಳಿ ದಾಟಿದರೆ ಗುಡ್ಡ ಹತ್ತುವ ಒಂದು ಕೆಂಪು ದಾರಿ. ಗಣಿ ಮುಚ್ಚಿದ ಮೇಲೆ ಅಲ್ಲಿ ಯಾರೂ ಓಡಾಡುವುದಿಲ್ಲ. ಹೊತ್ತು ಮುಳುಗುವುದರೊಳಗೆ ಇಳಿದರಾಯಿತು ಎಂದುಕೊಂಡಿದ್ದೆ. ಅರ್ಧ ಏರಿನಲ್ಲಿ ಚಕ್ರಗಳು ಕೆಸರಿನಲ್ಲಿ ಗರಗರ ತಿರುಗಿದವೇ ಹೊರತು ಗಾಡಿ ಮುಂದೆ ಹೋಗಲಿಲ್ಲ. ನೋಡನೋಡುತ್ತ ಕತ್ತಲಾಯಿತು. ಹಿಂದಿನ ಗಾಜಿಗೆ ಕೆಸರು ಮೆತ್ತಿತ್ತು. ಫೋನಿಗೆ ಸಿಗ್ನಲ್ ಇರಲಿಲ್ಲ.

ಆಗ ಹಿಂದೆ... ಧಪ್, ಧಪ್.

ಲಾರಿಯವನ ಹೆಂಡತಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ಹಿಂದೆ ನಿಂತವರು ಗಾಡಿಯ ಮೈಗೆ ಎರಡು ಸಲ ಬಡಿದರೆ ಹಿಂದಕ್ಕೆ ಬರಬಹುದು ಎಂದರ್ಥ. ಒಂದೇ ಸಲ ಬಡಿದರೆ ನಿಲ್ಲಬೇಕು. ಯಾರೋ ಕುರಿ ಕಾಯುವವರಿರಬೇಕು ಎಂದು ಹೋದ ಜೀವ ಬಂದಂತಾಯಿತು. ರಿವರ್ಸ್ ಹಾಕಿದೆ.

“ಬರ್ಲಿ... ಬರ್ಲಿ...” ಮೆಲ್ಲಗೆ ಗಂಡಸಿನ ದನಿ. ಮತ್ತೆ ಧಪ್, ಧಪ್.

ಕಿಟಕಿಯಿಂದ ಗ್ರೀಸಿನ ವಾಸನೆ, ಅದರ ಜೊತೆ ಸುಣ್ಣ ಬೆರೆಸಿದ ತಂಬಾಕಿನ ಘಾಟು ಬಂತು. ನಮ್ಮವರ ಅಂಗಿ ಹೀಗೇ ನಾರುತ್ತಿತ್ತು. ದಿನಾ ಬೈಯುತ್ತಿದ್ದೆ. ಅವತ್ತು ಆ ವಾಸನೆಗೆ ಕಣ್ಣು ತುಂಬಿತು.

“ಸಾಕಾ, ರೀ?” ನನಗೇ ಗೊತ್ತಿಲ್ಲದೆ ಕೇಳಿದೆ.

ಬಡಿತ ನಿಂತಿತು... ಬ್ರೇಕ್ ಒತ್ತಿ ಕಾದೆ. ಆಮೇಲೆ ನನ್ನ ಕಿವಿಯ ಪಕ್ಕದ ಬಾಗಿಲಿಗೇ... ಧಪ್, ಧಪ್.

“ಬಾ.”

ಬ್ರೇಕ್ ಬಿಟ್ಟೆ. ಗಾಡಿ ಇನ್ನಷ್ಟು ಹಿಂದೆ ಸರಿದು, ಜಗ್ಗಿ, ಆಫ್ ಆಯಿತು. ಕ್ಲಚ್ಚಿನ ಹದ ಇನ್ನೂ ನನ್ನ ಕಾಲಿಗೆ ಹತ್ತಿರಲಿಲ್ಲ. ಆ ದಡ್ಡತನವೇ ನನ್ನನ್ನು ಉಳಿಸಿತು.

ಹ್ಯಾಂಡ್ ಬ್ರೇಕ್ ಎಳೆದು, ಫೋನಿನ ಟಾರ್ಚ್ ಹಿಡಿದು ಇಳಿದೆ. ಹಿಂದಿನ ಚಕ್ರದಿಂದ ಗೇಣು ದೂರಕ್ಕೆ ನೆಲವೇ ಇರಲಿಲ್ಲ. ಕೆಳಗೆ ಗಣಿ ಗುಂಡಿಯ ನೀರು ಕಪ್ಪಗೆ ಮಿನುಗುತ್ತಿತ್ತು. ದಾರಿ ಬಿಟ್ಟು ಈ ಕಡೆ ಯಾವಾಗ ಹೊರಳಿದೆನೋ ತಿಳಿಯದು. ಹಸಿ ಮಣ್ಣಿನಲ್ಲಿ ನನ್ನ ಚಪ್ಪಲಿಯ ಗುರುತು ಬಿಟ್ಟರೆ ಇನ್ನೊಬ್ಬರ ಹೆಜ್ಜೆ ಇರಲಿಲ್ಲ.

ಮುಂದಿನ ಚಕ್ರಗಳಿಗೆ ಕಲ್ಲುನೆಲ ಸಿಕ್ಕಿತ್ತು. ಹೇಗೋ ಗಾಡಿಯನ್ನು ಮತ್ತೆ ದಾರಿಗೆ ತಂದು, ಕಿಟಕಿಯಿಂದ ತಲೆ ಹೊರಹಾಕಿ, ಹುಲಿಗೆಮ್ಮನ ಹೆಸರು ಹೇಳುತ್ತ ಹಿಂದಕ್ಕೇ ಇಳಿಸಿದೆ.

ಕೆಳಗೆ ರಸ್ತೆ ಬದಿಯ ಚಹಾದಂಗಡಿಯಲ್ಲಿ, ನಮ್ಮವರ ಜೊತೆ ದುಡಿದ ಹಳೆಯ ಡ್ರೈವರ್ ಒಬ್ಬರು ಕುಳಿತಿದ್ದರು. ಎಲ್ಲ ಹೇಳಿದೆ. ಅವರು ಚಹಾದ ಲೋಟ ಕೆಳಗಿಟ್ಟರು.

“ಹಿಂದ ಗುಂಡಿ ಐತಂದ್ರ ಲಾರಿಯಾಂವ ಯಾವನೂ ಎರಡು ಬಡಿಯಂಗಿಲ್ಲವ್ವಾ. ವೈರಿ ಗಾಡಿಗೂ ಬಡಿಯಂಗಿಲ್ಲ. ಅಂವ ನಿನ್ನ ಗಂಡ ಅಲ್ಲ ಬಿಡು.”

ನನಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಗುಂಡಿಗೇ ಕರೆದಿದ್ದರೂ ಸರಿ, ಕರೆದವರು ಅವರೇ ಆಗಿರಲಿ ಎಂದು ಮನಸ್ಸು ಈಗಲೂ ಬಯಸುತ್ತದೆ. ಅವರಲ್ಲ ಎಂದಾದರೆ... ನಾನು ‘ರೀ’ ಎಂದು ಕರೆದಾಗ ಬಾಗಿಲ ಬಳಿ ಬಂದು ನಿಂತದ್ದು ಯಾರು?