ಅರ್ಕಾವೊತ್ತಿಲ್ಲದ ಬಾನೆಟ್ಟು

ನಮ್ಮ ಜೀಪಿನ ಹಳೆಯ ಬಾನೆಟ್ಟಿನ ವಿಷಯದಲ್ಲಿ ಮನೆಯವರು ಎರಡು ಮಾತು ಹೇಳುತ್ತಾರೆ. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುತ್ತಾರೆ. ಆ ಮಾತುಗಳು ಮುನಿಸಿಕೊಂಡ ನೆಗೆಣ್ಣಿಯರಂತೆ ಒಂದರ ಮುಖ ಒಂದು ನೋಡುವುದಿಲ್ಲ ಎಂಬುದು ಮೂರು ವರ್ಷಗಳಲ್ಲಿ ಯಾರ ಗಮನಕ್ಕೂ ಬಂದಂತಿಲ್ಲ. ಮೊದಲನೆಯದು: ಹಳೆಯ ಬಾನೆಟ್ಟೆಂದರೆ ಉಕ್ಕು, ನಾಲ್ಕು ಜನ ಹತ್ತಿ ಕುಣಿದರೂ ತಗ್ಗು ಬೀಳುತ್ತಿರಲಿಲ್ಲ, ಈಗಿನದು ಬರೀ ಹಪ್ಪಳ. ಎರಡನೆಯದು: ಹಳೆಯದು ಜಂಗು ತಿಂದು ಹಾಳಾಗಿತ್ತು, ಅದಕ್ಕೇ ತೆಗೆಸಿ ಹೊಸದು ಹಾಕಿಸಿದೆವು. ನೀವೇ ಹೇಳಿ, ಅಜರಾಮರವಾದದ್ದು ಜಂಗು ಹಿಡಿದು ಸತ್ತದ್ದು ಹೇಗೆ? ಹಪ್ಪಳವೆಂದು ಗೊತ್ತಿದ್ದೂ ಹಪ್ಪಳವನ್ನೇ ಕೊಂಡು ತಂದವರು ಯಾರು?

ಹೀಗೆ ಕೇಳುವುದು ನನ್ನ ರೋಗ. ವಿಜಯಪುರದಲ್ಲಿ ಕಾಲೇಜು ಓದಿದ ಐದು ವರ್ಷ ನಾನು ಚರ್ಚಾಸ್ಪರ್ಧೆಗಳಲ್ಲೇ ಕಳೆದೆ. ಗೆದ್ದು ತಂದ ಸ್ಟೀಲಿನ ಬಟ್ಟಲುಗಳಲ್ಲಿ ಅವ್ವ ಈಗ ಜೀರಿಗೆ, ಸಾಸಿವೆ ಇಟ್ಟಿದ್ದಾಳೆ. ನನ್ನ ವಾಗ್ವೈಖರಿ ಈ ಮನೆಯಲ್ಲಿ ಒಗ್ಗರಣೆಗೆ ಉಪಯೋಗವಾಗಿದ್ದು ಅಷ್ಟೇ. ‘ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು’ ಎಂಬ ವಿಷಯದ ಮೇಲೆ ಒಂದು ವರ್ಷ ಪರವಾಗಿ ಮಾತನಾಡಿ ಮೊದಲ ಬಹುಮಾನ ಪಡೆದೆ, ಮರುವರ್ಷ ವಿರುದ್ಧವಾಗಿ ಮಾತನಾಡಿ ಅದೇ ಬಹುಮಾನವನ್ನು ಮತ್ತೆ ಪಡೆದೆ. ಆಗ ಅದನ್ನು ನನ್ನ ಸಾಮರ್ಥ್ಯವೆಂದುಕೊಂಡಿದ್ದೆ.

ಜೀಪಿನ ವಿಷಯಕ್ಕೆ ಬರುತ್ತೇನೆ. ಅಕ್ಕ ಹುಟ್ಟಿದ ವರ್ಷ ಅಪ್ಪ ಅದನ್ನು ಯಾರದೋ ಕೈಯಿಂದ ಕೊಂಡ. ತಿಕೋಟಾದ ನಮ್ಮ ದ್ರಾಕ್ಷಿ ತೋಟಕ್ಕೂ ಅಥಣಿ ರಸ್ತೆಯ ಮನೆಗೂ ಅದೇ ದಾರಿ ಸವೆಸಿದ್ದು. ನಮ್ಮ ಕಡೆ ಗಾಡಿ ಕೊಂಡವರು ಅದರ ಮೂತಿಯ ಮೇಲೆ ಮಕ್ಕಳ ಹೆಸರು ಬರೆಸುವುದುಂಟು. ಅಪ್ಪ ಬಬಲೇಶ್ವರದ ಒಬ್ಬ ಪೇಂಟರನನ್ನು ಹಿಡಿದು, ಬಾನೆಟ್ಟಿನ ಮುಂಭಾಗಕ್ಕೆ ಹಳದಿ ಬಣ್ಣದಲ್ಲಿ ಅಕ್ಕನ ಹೆಸರು ಬರೆಸಿದ. ಅಕ್ಕನ ಹೆಸರು ಸುವರ್ಣಾ. ಪೇಂಟರನು ಮೊದಲ ಅಕ್ಷರಗಳನ್ನು ಉದಾರವಾಗಿ ಬರೆಯುತ್ತ ಹೋಗಿ, ಕೊನೆಗೆ ಬರುವಷ್ಟರಲ್ಲಿ ಬಾನೆಟ್ಟಿನ ಅಂಚೇ ಮುಗಿದು, ಅರ್ಕಾವೊತ್ತಿಗೆ ಜಾಗವಿಲ್ಲದೆ ಅದನ್ನು ಬಿಟ್ಟುಬಿಟ್ಟ. ಹೀಗಾಗಿ ಜೀಪು ‘ಸುವಣಾ’ ಆಯಿತು. ತಿಕೋಟಾದ ಜನ ಇವತ್ತಿಗೂ ಅದನ್ನು ಹಾಗೇ ಕರೆಯುತ್ತಾರೆ. “ಸುವಣಾ ಬಂತು, ಸರೀರಿಲೇ” ಎಂದು ಹುಡುಗರು ಕೂಗಿದಾಗ ಶಾಲೆಗೆ ಹೊರಟ ಅಕ್ಕ ಸಿಟ್ಟಿನಿಂದ ಕಲ್ಲು ಹುಡುಕುತ್ತಿದ್ದಳಂತೆ. ಸುವರ್ಣದಿಂದ ಅರ್ಕಾವೊತ್ತು ತೆಗೆದರೆ ಚಿನ್ನವೂ ಉಳಿಯುವುದಿಲ್ಲ, ಅರ್ಥವೂ ಉಳಿಯುವುದಿಲ್ಲ ಎಂದು ನಾನೊಮ್ಮೆ ಪಾಂಡಿತ್ಯ ತೋರಿಸಿದಾಗ, “ನಿನ್ನ ಹೆಸರ ಎಲ್ಲೂ ಬರಿಸಿಲ್ಲಲ್ಲ, ಸುಮ್ನ ಕುಂದರ ಬೇ” ಎಂದು ಬಾಯಿ ಮುಚ್ಚಿಸಿದ್ದಳು. ಖರೆ. ನಾನು ಮೂರನೆಯವಳು. ನಡುವಿನ ಅಣ್ಣನ ಹೆಸರು ಟ್ರ್ಯಾಕ್ಟರಿನ ಮೇಲಿದೆ. ನನ್ನ ಸರದಿ ಬರುವಷ್ಟರಲ್ಲಿ ಮನೆಯಲ್ಲಿ ಗಾಲಿ ಇರುವ ವಸ್ತುಗಳು ಮುಗಿದಿದ್ದವು.

ಈಗ ತುಲನೆ ಮಾಡೋಣ, ಪಕ್ಷಪಾತವಿಲ್ಲದೆ. ಹಳೆಯ ಬಾನೆಟ್ಟಿಗೆ ದಪ್ಪ ತಗಡು. ಎತ್ತಲು ಎರಡು ಕೈ ಬೇಕಾಗುತ್ತಿದ್ದವು. ಅದರ ಬೆನ್ನ ಮೇಲೆ ಎರಡು ಕಟ್ಟಿಗೆಯ ತುಂಡುಗಳಿದ್ದವು, ಮುಂದಿನ ಗಾಜಿನ ಚೌಕಟ್ಟನ್ನು ಮಡಚಿದಾಗ ಅದು ತಲೆ ಇಟ್ಟು ಮಲಗಲೆಂದು. ಬದಿಯ ಕೊಂಡಿ ಹಾಕಿದರೆ ಬಿಚ್ಚಲು ಬೆರಳಿನ ಚರ್ಮವನ್ನು ದಕ್ಷಿಣೆ ಕೊಡಬೇಕಿತ್ತು. ಹೊಸದು ಒಂದೇ ಕೈಗೆ ಏಳುತ್ತದೆ. ಕಟ್ಟಿಗೆಯ ತುಂಡುಗಳಿಲ್ಲ. ಕೊಂಡಿ ತಾನಾಗಿಯೇ ಬಿಚ್ಚಿಕೊಳ್ಳುವಷ್ಟು ಸುಸಂಸ್ಕೃತ. ಹೋದ ಬೇಸಿಗೆಯಲ್ಲಿ ನಾನು ಭೂತನಾಳದ ಕೆರೆಯ ಕಡೆಯಿಂದ ಬರುತ್ತಿದ್ದಾಗ, ಎದುರಿನ ಲಾರಿಯ ಗಾಳಿಗೆ ಅದು ಎದ್ದು ನೇರವಾಗಿ ಗಾಜಿಗೇ ಬಡಿಯಿತು. ರಸ್ತೆ, ಕೆರೆ, ಆಕಾಶ ಎಲ್ಲವೂ ಮಾಯವಾಗಿ ಕಣ್ಣ ಮುಂದೆ ಹಸಿರು ತಗಡೊಂದೇ ಉಳಿಯಿತು. ಬ್ರೇಕು ಹಳೆಯದಾದ್ದರಿಂದ ನಾನು ಈ ಪ್ರಬಂಧ ಬರೆಯಲು ಉಳಿದಿದ್ದೇನೆ.

ಬಾನೆಟ್ಟನ್ನು ಹಗ್ಗದಿಂದ ಕಟ್ಟಿಕೊಂಡು ಟಿಂಕರ್ ಕೆಲಸದ ಇಮಾಮ್ ಚಾಚಾನ ಗ್ಯಾರೇಜಿಗೆ ಹೋದೆ. ಹಳೆಯದನ್ನು ಬಿಚ್ಚಿ ಹೊಸದನ್ನು ಕೂರಿಸಿದವನು ಇವನೇ. ಸಿಟ್ಟಿನಲ್ಲಿದ್ದೆ. ಆ ಉಕ್ಕಿನಂಥದ್ದು ಜಂಗು ತಿನ್ನುವತನಕ ಅಪ್ಪ ಏನು ಮಾಡುತ್ತಿದ್ದನೋ ಎಂದೆ. ಚಾಚಾ ಸುತ್ತಿಗೆ ಕೆಳಗಿಟ್ಟು ನನ್ನನ್ನೇ ನೋಡಿದ.

“ಜಂಗ್ ಎಲ್ಲಿತ್ತ ಬೇಟಿ? ಇನ್ನೊಂದ್ ಮೂವತ್ ವರ್ಷ ಬರತಿತ್ತದು. ನಿಮ್ಮಪ್ಪಾರು ಬಂದ್ರು, ಹೆಸರಿನ ಮ್ಯಾಲ ಬಣ್ಣ ಹೊಡಿ ಅಂದ್ರು, ಹೊಡದ್ನಿ. ಎರಡ್ ಸಲ ಹೊಡದ್ನಿ. ಅದು ಹಳೀ ಕಾಲದ ಬಣ್ಣ, ದಪ್ಪ. ಬಿಸಿಲಿಗಿ ನಿಲ್ಲಿಸಿದ್ರ ಒಳಗಿಂದ ಅಕ್ಷರ ಎದ್ದ ಕಾಣತಿದ್ವು.”

“ತಿಕ್ಕಿ ತಗೀಬೇಕಿತ್ತು.”

“ನಾನೂ ಅದನ್ನ ಅಂದೆ. ಉಜ್ಜಿದ್ರ ಹತ್ತ ನಿಮಿಷದ ಕೆಲಸ ಐತ್ರಿ ಅಂದೆ. ಬ್ಯಾಡ, ತಿಕ್ಕಬ್ಯಾಡ ಅಂದ್ರು. ಬ್ಯಾರೇದ ಹಾಕು, ಇದನ್ನ ತ್ವಾಟಕ್ಕ ಒಯ್ತೀನಿ ಅಂದ್ರು.” ಚಾಚಾ ಮತ್ತೆ ಸುತ್ತಿಗೆ ಎತ್ತಿಕೊಂಡ. “ನನಗ್ ಗೊತ್ತಿಲ್ಲ ಬೇಟಿ, ನಿಮ್ಮ ಮನಿ ಮಾತು.”

ನಮ್ಮ ಮನೆಯ ಮಾತು ಇದು. ಮೂರು ವರ್ಷದ ಹಿಂದೆ ಅಜ್ಜ ತೀರಿದ ಮೇಲೆ ತಿಕೋಟಾದ ಹೊಲವನ್ನು ಅಣ್ಣನ ಹೆಸರಿಗೆ ಮಾಡುವುದೆಂದು ನಿಶ್ಚಯವಾಯಿತು. ಅದಕ್ಕೆ ಹೆಣ್ಣುಮಕ್ಕಳು ‘ನಮಗೆ ಹಕ್ಕು ಬೇಡ’ ಎಂದು ಸಹಿ ಮಾಡಿಕೊಡಬೇಕು. ಎಲ್ಲ ಮನೆಗಳಲ್ಲೂ ಮಾಡುತ್ತಾರೆ. ಸೀರೆ ಉಡಿಸಿ, ಉಡಿ ತುಂಬಿ, ಊಟ ಹಾಕಿ ಸಹಿ ಮಾಡಿಸುತ್ತಾರೆ. ನೋಂದಣಿ ಕಚೇರಿಯಲ್ಲಿ ಮೊದಲು ನನ್ನನ್ನು ಕರೆದರು. ಪರವಾಗಿ ಒಮ್ಮೆ, ವಿರುದ್ಧವಾಗಿ ಒಮ್ಮೆ ವಾದಿಸಿ ಬಹುಮಾನ ಗೆದ್ದವಳು ಮೂರನೆಯ ಸಲ ಬಾಯಿಯನ್ನೇ ತೆರೆಯಲಿಲ್ಲ. ಅಪ್ಪ ಬೆರಳು ತೋರಿಸಿದಲ್ಲೆಲ್ಲ ಸಹಿ ಮಾಡಿದೆ. ಕಾಗದ ಓದಿದೆಯಾ ಎಂದು ನೀವು ಕೇಳಿದರೆ, ಓದಿದೆ. ಅದರಲ್ಲಿದ್ದ ಎರಡು ಕಾಗುಣಿತದ ತಪ್ಪುಗಳನ್ನು ತಿದ್ದಿಯೂ ಕೊಟ್ಟೆ. ನನ್ನ ಹಕ್ಕುತ್ಯಾಗ ವ್ಯಾಕರಣಶುದ್ಧವಾಗಿದೆ.

ಆಮೇಲೆ ಅಕ್ಕ. ಸಾರವಾಡಕ್ಕೆ ಮದುವೆಯಾಗಿ ಹೋಗಿ ಹನ್ನೆರಡು ವರ್ಷವಾಗಿದ್ದವಳು, ಚರ್ಚಾಸ್ಪರ್ಧೆಯ ಮೆಟ್ಟಿಲು ಹತ್ತದವಳು, ಪೆನ್ನನ್ನು ಮುಚ್ಚಳ ಹಾಕಿ ಅಪ್ಪನ ಕೈಗೆ ಕೊಟ್ಟಳು. “ಯಪ್ಪಾ, ಜೀಪಿನ ಮ್ಯಾಲ ನನ್ನ ಹೆಸರ ಬರಿಸೀದಿ. ಉತಾರದಾಗ ಬರಿಸಾಕ ಏನಾಕ್ಕೈತಿ?”

ಉತಾರ ಎಂದರೆ ಹೊಲ ಯಾರದೆಂದು ಹೇಳುವ ಸರ್ಕಾರಿ ಕಾಗದ. ಅಣ್ಣ, “ಎಲ್ಲಾರ ಮುಂದ ಮಾನ ತಗದ್ಲು” ಎಂದ. ಅವ್ವ ಸೆರಗು ಬಾಯಿಗೆ ಹಿಡಿದಳು. ಅಕ್ಕ ಹೊರಗೆ ಹೋಗಿ ಬಬಲೇಶ್ವರದ ಬಸ್ಸು ಹತ್ತಿದಳು. ಸಾರವಾಡದ ದಾರಿ ಅದೇ. ಹೊರಡುವಾಗ ನನ್ನ ಕಡೆ ಒಮ್ಮೆ ತಿರುಗಿದಳು. ತಿರಸ್ಕಾರದಿಂದ ನೋಡಿದ್ದರೆ ಪ್ರತಿವಾದ ಹೂಡಬಹುದಿತ್ತು. ಅವಳು, “ಊಟಾ ಮಾಡ್ಕೊಂಡ ಹೋಗ್ ತಂಗಿ” ಎಂದಳು.

ಅಂದಿನಿಂದ ನಾಗರಪಂಚಮಿಗೆ ಜೀಪು ಸಾರವಾಡಕ್ಕೆ ಹೋಗಿಲ್ಲ. ಪ್ರತಿ ವರ್ಷ ಹಬ್ಬದ ಹಿಂದಿನ ದಿನ ಅಣ್ಣ ಹೋಗಿ ಅವಳನ್ನೂ ಮಕ್ಕಳನ್ನೂ ಕೂರಿಸಿಕೊಂಡು ಬರುವುದು ರೂಢಿಯಾಗಿತ್ತು. ಈಗ ಅವ್ವ ಕೇಳಿದರೆ ಅಪ್ಪನ ಉತ್ತರ ಒಂದೇ: “ಸಹಿ ಮಾಡ್ತೀನಿ ಅನ್ನಾಕ್ ಹೇಳು, ಇವತ್ತ ಜೀಪ ಕಳಸ್ತೀನಿ.” ಸಹಿ ಬೀಳುವತನಕ ಅಕ್ಕನಿಗೆ ತವರಿಲ್ಲ. ಮೂರು ಪಂಚಮಿ ಅವಳು ಸಾರವಾಡದಲ್ಲೇ ಉಂಡೆ ಕಟ್ಟಿ, ನಮ್ಮ ಪಾಲಿನದನ್ನು ಬಸ್ಸಿನ ಕಂಡಕ್ಟರನ ಕೈಯಲ್ಲಿ ಕಳಿಸಿದ್ದಾಳೆ. ನಾವು ತಿಂದಿದ್ದೇವೆ.

ಚಾಚಾನ ಮಾತು ಕೇಳಿದ ಮರುದಿನ ತಿಕೋಟಾಕ್ಕೆ ಹೋದೆ. ಒಣದ್ರಾಕ್ಷಿ ಮಾಡುವ ಶೆಡ್ಡಿನ ಹಿಂದಿನ ಗೋಡೆಗೆ ಹಳೆಯ ಬಾನೆಟ್ಟನ್ನು ಒರಗಿಸಿ ಇಟ್ಟಿದ್ದರು, ಹೆಸರಿನ ಭಾಗ ಗೋಡೆಯ ಕಡೆಗೆ. ಎರಡೂ ಕೈ ಹಾಕಿ ತಿರುಗಿಸಿದೆ. ಜಂಗಿಲ್ಲ. ಎರಡು ಪದರ ಹಸಿರು ಬಣ್ಣದ ಕೆಳಗೆ ಅಕ್ಷರಗಳು ಹಳೆಯ ಗಾಯದ ಕಲೆಗಳಂತೆ ಉಬ್ಬಿ ಕಾಣುತ್ತಿದ್ದವು. ಕಣ್ಣು ಮುಚ್ಚಿ ಬೆರಳಾಡಿಸಿದರೂ ಓದಬಹುದಿತ್ತು. ವಿಚಿತ್ರವೆಂದರೆ ಬಾನೆಟ್ಟಿಗೆ ಎಣ್ಣೆ ಸವರಿತ್ತು, ಇತ್ತೀಚೆಗೆ ಸವರಿದ್ದು. ಬೆರಳಿಗೆ ಅಂಟಿತು. ತೋಟದಲ್ಲಿ ಕೆಲಸ ಮಾಡುವ ಕಾಶವ್ವನನ್ನು ಕೇಳಿದರೆ, “ಗೌಡ್ರ ಹಚ್ತಾರವ್ವಾ, ತಿಂಗಳಿಗೊಮ್ಮಿ. ಇನ್ನ್ಯಾರ ಹಚ್ಚಾವ್ರು” ಎಂದು, ಇದೂ ಒಂದು ಕೇಳುವ ಮಾತೇ ಎಂಬಂತೆ ಕಸಬರಿಗೆ ಆಡಿಸುತ್ತ ಹೋದಳು. ಗೌಡರೆಂದರೆ ಅಪ್ಪ.

ನನ್ನ ವಾದ ಇಲ್ಲಿ ಎಡವಿತು. ಎದುರಾಳಿ ಎರಡು ಕಾರಣ ಹೇಳಿದರೆ ಅವನು ಮುಚ್ಚಿಟ್ಟ ಮೂರನೆಯದನ್ನು ಹುಡುಕು ಎಂದು ನನಗೆ ಕಲಿಸಿದ್ದರು. ಹುಡುಕಿದೆ, ಸಿಕ್ಕಿತು. ಆದರೆ ಮಗಳ ಹೆಸರನ್ನು ಊರ ಮುಂದೆ ಹೊತ್ತು ತಿರುಗಲಾರದ ಮನುಷ್ಯ ಅದೇ ಹೆಸರನ್ನು ಉಜ್ಜಿ ಅಳಿಸಲೂ ಆಗದೆ, ಗೋಡೆಗೆ ಮುಖ ಮಾಡಿಸಿಟ್ಟು ತಿಂಗಳಿಗೊಮ್ಮೆ ಎಣ್ಣೆ ಹಚ್ಚುತ್ತಿದ್ದಾನೆ ಎಂಬುದನ್ನು ಪರದ ಕಡೆ ಹಾಕಲೋ ವಿರುದ್ಧದ ಕಡೆ ಹಾಕಲೋ? ಒಂದು ಕ್ಷಣ ಅಪ್ಪನ ಮೇಲೆ ಕರುಣೆ ಬಂತೆಂದು ಒಪ್ಪಿಕೊಳ್ಳುತ್ತೇನೆ. ಮರುಕ್ಷಣ, ತಗಡಿಗೆ ಹಚ್ಚುವ ಎಣ್ಣೆಯಿಂದ ಸಾರವಾಡದಲ್ಲಿ ಯಾರ ತಲೆಯೂ ತಂಪಾಗುವುದಿಲ್ಲ ಎಂಬುದು ನೆನಪಾಯಿತು. ಪ್ರೀತಿ ಇದೆ ಎಂಬುದು ನಮ್ಮಂಥ ಮನೆಗಳಲ್ಲಿ ಯಾವ ಆರೋಪಕ್ಕೂ ಉತ್ತರವಲ್ಲ. ಅನ್ಯಾಯ ಮಾಡಿದವರ ನಿದ್ದೆಗೆ ಅದೊಂದು ದಿಂಬು.

ಮುಗಿಸಬೇಕೆಂದುಕೊಂಡದ್ದು ಇಲ್ಲಿಗೇ. ಆದರೆ ಹೋದ ರವಿವಾರ ಇನ್ನೊಂದು ನಡೆಯಿತು. ಅಣ್ಣನ ಮಗಳಿಗೆ ಒಂದು ವರ್ಷ ತುಂಬುತ್ತದೆ. ಆರತಿ ಎಂದು ಹೆಸರು. ಅಪ್ಪನ ಎದೆಯ ಮೇಲೆ ಮಲಗದೆ ನಿದ್ದೆ ಮಾಡದ ಕೂಸು. ಹೊಸ ಬಾನೆಟ್ಟು ಬೋಳಾಗಿ ಕಾಣುತ್ತದೆ, ಕೂಸಿನ ಹೆಸರು ಬರೆಸೋಣ ಎಂದ ಅಪ್ಪ. ಈಗ ಕುಂಚದಿಂದ ಬರೆಯುವವರು ಯಾರಿದ್ದಾರೆ ಎಂದ ಅಣ್ಣ. “ರೇಡಿಯಂ ಸ್ಟಿಕ್ಕರ್ ಹಚ್ಚೂಣು. ಹೊಳೀತೈತಿ. ಬ್ಯಾಡಾದ್ರ ಕಿತ್ತಿದ್ರಾತು, ಗುರುತೂ ಉಳ್ಯಾಂಗಿಲ್ಲ.”

ಅವನು ಸಹಜವಾಗಿ ಹೇಳಿದ. ಅವನ ಮಾತಿನಲ್ಲಿ ಕುಹಕವಿರಲಿಲ್ಲ. ಹಳೆಯ ಬಾನೆಟ್ಟಿಗೂ ಹೊಸದಕ್ಕೂ ಇರುವ ನಿಜವಾದ ವ್ಯತ್ಯಾಸ ಅವನ ಬಾಯಿಂದಲೇ ಬರಬೇಕಾಯಿತು.

ಅಪ್ಪ ಒಳಗಿನಿಂದ ಹಾಳೆಯನ್ನೂ ಪೆನ್ನನ್ನೂ ತಂದು ನನ್ನ ಮುಂದಿಟ್ಟ. ಕೂಸು ಅವನ ಹೆಗಲ ಮೇಲೆ ನಿದ್ದೆ ಹೋಗಿತ್ತು. “ನೀ ಚಂದಂಗ ಬರದ ಕೊಡವಾ, ಅಂಗಡ್ಯಾವಗ ತೋರಸ್ತೀನಿ. ಈ ಸಲ ಅಕ್ಷರ ತಪ್ಪಬಾರದು” ಎಂದ. ಅವ್ವ ಅಡುಗೆ ಮನೆಯ ಬಾಗಿಲಲ್ಲಿ ನಿಂತಳು. ನಾನು ಮೊದಲ ಅಕ್ಷರ ಬರೆದೆ. ಕೈಬರಹ ಚೆನ್ನಾಗಿಯೇ ಇತ್ತು. ಎರಡನೆಯದಕ್ಕೆ ಪೆನ್ನು ಇಡುವ ಮೊದಲು, ಕೂಸು ಏಳದಂತೆ ಮೆಲ್ಲಗೆ ಕೇಳಿದೆ:

“ಯಪ್ಪಾ, ಈಕಿ ದೊಡ್ಡಾಕಿ ಆಗಿ ಸಹಿ ಮಾಡಂಗಿಲ್ಲ ಅಂದ ದಿನ ಇದನ್ನ ಕೀಳಾವ್ರು ಯಾರು, ನೀನೋ, ಅಣ್ಣನೋ, ನಾನೋ?”