ಮೂಲೆ ಹರಿದ ಕಾಗದ

ಬೈರಕೂರಿನ ಸೊಣ್ಣಪ್ಪನ ಮನೆಯಲ್ಲಿ ವರ್ಷಕ್ಕೆ ಐದು ಬೆಳೆ ರೇಷ್ಮೆ, ಒಂದೊಂದು ಬೆಳೆಗೆ ನಾಲ್ಕು ಜ್ವರ. ಜ್ವರ ಮನುಷ್ಯರಿಗಲ್ಲ, ಹುಳುಗಳಿಗೆ. ಪೊರೆ ಕಳಚುವ ಮುಂಚೆ ಹುಳು ಮೇವು ಬಿಟ್ಟು, ತಲೆ ಎತ್ತಿ, ಅಲುಗಾಡದೆ ಒಂದು ದಿನ ಕೂತುಬಿಡುತ್ತದೆ. ಅದನ್ನೇ ಆ ಕಡೆ ಜ್ವರ ಅನ್ನುತ್ತಾರೆ. ಉಳಿದ ದಿನಗಳಲ್ಲಿ ಹುಳುಮನೆಯೊಳಗೆ ಸೊಪ್ಪು ಕಡಿಯುವ ಸದ್ದು ಸೋನೆ ಮಳೆಯ ಹಾಗೆ ಕೇಳುತ್ತಿರುತ್ತದೆ. ಜ್ವರದ ದಿನ ಆ ಸದ್ದು ನಿಂತುಹೋಗುತ್ತದೆ. ಸಾವಿರಾರು ಜೀವಗಳು ಒಂದೇ ಸಮನೆ ಸುಮ್ಮನಾದಾಗ ಹುಟ್ಟುವ ಮೌನ ಎಂಥದೆಂದು ಆ ಮನೆಯವರಿಗೆ ಮಾತ್ರ ಗೊತ್ತು. ಸೊಣ್ಣಪ್ಪನ ಮಗಳು ಗಂಗರತ್ನ ಅದನ್ನು ಕೇಳುತ್ತಲೇ ಬೆಳೆದವಳು. ಯಾವ ತಟ್ಟೆಯ ಹುಳು ಯಾವಾಗ ಜ್ವರದಿಂದ ಏಳುತ್ತದೆಂದು ಬಾಗಿಲಲ್ಲಿ ನಿಂತೇ ಹೇಳುತ್ತಿದ್ದಳು.

ಅವಳ ತಾಯಿ ಹೆರಿಗೆಯಲ್ಲಿ ಹೋಗಿದ್ದಳು. ಸಾಕಿದವಳು ಸೊಣ್ಣಪ್ಪನ ತಾಯಿ, ಅಜ್ಜಿ ಮುನಿಯಲ್ಲಮ್ಮ. ಓದು ಬರಹವಿಲ್ಲದಿದ್ದರೂ ಮುದುಕಿ ಬಲು ಘಾಟಿ. ಆ ಮನೆಯಲ್ಲಿ ಅವಳು ಹಾಕಿದ ಗೆರೆ ದಾಟಿದವರಿಲ್ಲ. ಎಪ್ಪತ್ತಾರನೇ ಇಸವಿಯಲ್ಲಿ ಎಸ್ಸೆಸ್ಸೆಲ್ಸಿ ಪಾಸಾದ ಗಂಗರತ್ನ, ಕೋಲಾರದ ಒಂದು ಆಸ್ಪತ್ರೆಯ ನರ್ಸಿಂಗ್ ಶಾಲೆಗೆ ಅರ್ಜಿ ಹಾಕಿದಳು. ಇಪ್ಪತ್ತು ಸೀಟಿಗೆ ನಾನೂರು ಅರ್ಜಿ ಬರುತ್ತವಂತೆ. ನನ್ನಮ್ಮನ ಪಕ್ಕದಲ್ಲಿ ಅವತ್ತು ಒಬ್ಬ ನರ್ಸ್ ಇದ್ದಿದ್ದರೆ ಎಂಬ ಒಂದೇ ಮಾತು ಅವಳ ತಲೆಯಲ್ಲಿ ಸಣ್ಣಂದಿನಿಂದ ಕೂತಿತ್ತು. ಬೇರೆ ಯಾವ ಕೆಲಸವೂ ಅವಳಿಗೆ ಬೇಕಿರಲಿಲ್ಲ. ಸಂದರ್ಶನದ ಕಾಗದ ಬರುತ್ತದೆಂದು ದಿನಾ ಜಗಲಿ ಕಾಯುತ್ತಿದ್ದಳು.

ಆ ಸೀಮೆಯಲ್ಲಿ ಒಂದು ಪದ್ಧತಿ. ಸಾವಿನ ಸುದ್ದಿ ಬರೆದ ಕಾಗದಕ್ಕೆ ಒಂದು ಮೂಲೆ ಹರಿದು ಕಳಿಸುತ್ತಾರೆ. ಅದನ್ನು ಹೊಸ್ತಿಲ ಒಳಗೆ ತರಬಾರದು. ಹೊರಗೇ ಓದಿ, ಹರಿದು ತಿಪ್ಪೆಗೆ ಹಾಕಿ, ತಲೆಗೆ ನೀರು ಹುಯ್ದುಕೊಂಡು ಒಳಗೆ ಬರಬೇಕು. ಅಂಥ ಕಾಗದ ತಂದ ಅಂಚೆಯವನು ಮಾತಾಡುವುದಿಲ್ಲ, ನೀರು ಕೇಳುವುದಿಲ್ಲ.

ಅವತ್ತು ಹುಳುಗಳು ನಾಲ್ಕನೇ ಜ್ವರಕ್ಕೆ ಕೂತಿದ್ದವು. ಗಂಗರತ್ನ ಸೊಪ್ಪಿಗೆ ಹೋಗಿದ್ದಳು. ಅಂಚೆಯ ಶ್ರೀರಾಮಪ್ಪ ಸೈಕಲ್ಲಿಳಿದು, ಜಗಲಿಯ ಮೇಲೆ ಒಂದು ಕವರಿಟ್ಟು, ಅದರ ಮೇಲೊಂದು ಕಲ್ಲಿಟ್ಟು, ತಲೆಯೆತ್ತದೆ ಹೊರಟುಹೋದ. ಕವರಿನ ಮೂಲೆ ಇರಲಿಲ್ಲ. ದಾರಿಯಲ್ಲಿ ಎಲ್ಲಿ ಸಿಕ್ಕಿ ಹರಿಯಿತೋ, ಇಲಿ ಕಡಿಯಿತೋ, ದೇವರೇ ಬಲ್ಲ.

ಸೊಪ್ಪಿನ ಹೊರೆ ಹೊತ್ತು ಗಂಗರತ್ನ ಬರುವ ಹೊತ್ತಿಗೆ ಅಜ್ಜಿ ಅದನ್ನು ಮಡಿಸಿ ದನದ ಕೊಟ್ಟಿಗೆಯ ಹೊರಗೋಡೆಯ ಬಿರುಕಿಗೆ ತುರುಕಿದ್ದಳು. ಹರಿದ ತುದಿಯಷ್ಟೇ ಆಚೆ ಕಾಣುತ್ತಿತ್ತು.

"ಮುಟ್ಟಬೇಡ ಕಣೇ! ಯಾರೋ ಹೋಗವ್ರೆ" ಅಂದಳು ಅಜ್ಜಿ.

"ಯಾರು ಅಂತ ನೋಡ್ಬೇಡವಾ ಅಜ್ಜಿ?"

"ಯಾರು ಅಂತ ತಿಳಿದ್ರೆ ಸೂತಕ. ತಿಳೀದೆ ಇದ್ರೆ ಏನೂ ಇಲ್ಲ. ಹುಳ ಜ್ವರದಾಗೆ ಕೂತವೆ. ಈಗ ಮೈಲಿಗೆ ತಗುಲಿದ್ರೆ ಒಂದು ಗೂಡೂ ಉಳಿಯಲ್ಲ. ಗೂಡು ಬಿಡಿಸಿದ ಮೇಲೆ ಓದಿದ್ರಾಯ್ತು. ಅದಕ್ಕೆ ಮುಂಚೆ ಓದೀಯ, ಸತ್ತ ನಿಮ್ಮಮ್ಮನಾಣೆ!"

ಸೊಣ್ಣಪ್ಪನೂ ಹೂಂಗುಟ್ಟಿದ. ಸಾವು ಹೊರಗಿರಲಿ, ಬೆಳೆ ಒಳಗಿರಲಿ ಎಂಬ ಲೆಕ್ಕ. ಸೂತಕದವರು ಹುಳುಮನೆ ಹೊಕ್ಕರೆ ಹುಳು ಕೊಳೆಯುತ್ತದೆಂದು ಗಂಗರತ್ನಳೂ ನಂಬಿದ್ದಳು. ಸುಳ್ಳೇಕೆ, ಆ ಮನೆಯಲ್ಲಿ ಓದು ಬರುತ್ತಿದ್ದವಳು ಅವಳೊಬ್ಬಳೇ, ಅವಳೂ ಸುಮ್ಮನಿದ್ದಳು.

ಮರುದಿನ ಹುಳು ಜ್ವರದಿಂದೆದ್ದವು, ಮಳೆಯ ಸದ್ದು ಮತ್ತೆ ಶುರುವಾಯಿತು. ಆದರೆ ಮನೆಯ ಮೌನ ಮಾತ್ರ ಕರಗಲಿಲ್ಲ. ಹೆಸರಿಲ್ಲದ ಒಂದು ಸಾವು ಕೊಟ್ಟಿಗೆಯ ಗೋಡೆಯಲ್ಲಿ ಕೂತು ಕಾಯುತ್ತಿತ್ತು. ಸಂಜೆಯಾದರೆ ಅಜ್ಜಿ ಒಂದು ಚೊಂಬು ನೀರನ್ನು ಆ ಗೋಡೆಯ ಬುಡದಲ್ಲಿಡುತ್ತಿದ್ದಳು. "ಯಾರೋ ಏನೋ, ಬಾಯಾರಿರ್ತಾರೆ" ಅನ್ನುತ್ತಿದ್ದಳು. ಬೆಳಿಗ್ಗೆ ಚೊಂಬಿನಲ್ಲಿ ನೀರು ಅರ್ಧಕ್ಕಿಳಿದಿರುತ್ತಿತ್ತು. ನಾಯಿ ಕುಡಿದಿರಬಹುದು. ಆದರೆ ಚೊಂಬಿನ ಬಾಯಿ ಸಣ್ಣದು, ಸುತ್ತ ಒಂದು ಹನಿಯೂ ಚೆಲ್ಲಿರುತ್ತಿರಲಿಲ್ಲ.

ಯಾರಿರಬಹುದೆಂದು ಮೂವರೂ ಮನಸ್ಸಿನಲ್ಲೇ ನೆಂಟರನ್ನೆಲ್ಲ ಎಣಿಸಿದರು. ಲಕ್ಕೂರಿನ ಸೋದರಮಾವ ಅಶ್ವತ್ಥಪ್ಪನಿಗೆ ದಮ್ಮು, ಅವನೇ ಇರಬೇಕು ಅಂದುಕೊಂಡರು. ನಾಲ್ಕನೇ ದಿನ ಸಂಜೆ ಅದೇ ಅಶ್ವತ್ಥಪ್ಪ ಕೈಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದ. ಅಜ್ಜಿ ಕೂರು ಅನ್ನಲಿಲ್ಲ. ಅವನ ಪಾದವನ್ನೇ ನೋಡಿದಳು. ಹಿಮ್ಮಡಿ ಹಿಂದೆ, ಬೆರಳು ಮುಂದೆ ಇವೆಯೆಂದು ಖಾತ್ರಿ ಮಾಡಿಕೊಂಡು, ತೋಳು ಮುಟ್ಟಿ ನೋಡಿ, ಆಮೇಲೆ ಚಾಪೆ ಹಾಸಿದಳು.

"ಏನತ್ತೆ, ನನ್ನ ಗುರ್ತು ಸಿಗ್ಲಿಲ್ವಾ?" ಅಂದ ಅಶ್ವತ್ಥಪ್ಪ ನಗುತ್ತಾ.

ನಗು ಯಾರಿಗೂ ಬರಲಿಲ್ಲ. ಇವನಲ್ಲವೆಂದರೆ ಇನ್ಯಾರು? ಎಣಿಕೆ ಮತ್ತೆ ಮೊದಲಿಂದ ಶುರುವಾಯಿತು. ಮುಳಬಾಗಿಲು, ಶ್ರೀನಿವಾಸಪುರ, ಮಾಲೂರು, ಗಡಿಯಾಚೆಯ ತೆಲುಗು ನೆಂಟರು, ಎಲ್ಲರ ಹೆಸರೂ ಬಂದುಹೋಯಿತು.

ಗಂಗರತ್ನಳಿಗೆ ಎರಡು ಸಂಕಟ. ಸಂದರ್ಶನದ ಕಾಗದ ಇನ್ನೂ ಬಂದಿಲ್ಲ ಎಂಬುದೊಂದು, ಗೋಡೆಯ ಕಾಗದ ಇನ್ನೊಂದು. ಐದನೇ ದಿನ ಸಗಣಿ ಬಾಚುವಾಗ ಅವಳಿಗೆ ಹೊಳೆಯಿತು. ಸಾವಿನ ಸುದ್ದಿ ಯಾವಾಗಲೂ ಕಾರ್ಡಿನಲ್ಲಿ ಬರುತ್ತದೆ, ಇದು ಕವರು. ಅಜ್ಜಿಗೆ ಹೇಳಿದಳು.

"ಕವರಾದ್ರೇನೇ? ಯಾರೋ ದೊಡ್ಡ ಮನುಷ್ಯರು ಹೋಗಿರ್ಬೇಕು" ಅಂದುಬಿಟ್ಟಳು ಅಜ್ಜಿ.

ಕೈ ಚಾಚಿದರೆ ಸಿಗುವಷ್ಟು ದೂರ. ಎರಡು ಸಲ ಚಾಚಿದಳು ಕೂಡ. ಎರಡು ಸಲವೂ ಗೋಡೆಯ ಒಳಗಿನಿಂದ ಯಾರೋ ಉಸಿರು ಬಿಗಿಹಿಡಿದು ತನ್ನನ್ನೇ ಕಾಯುತ್ತಿದ್ದಾರೆ ಅನ್ನಿಸಿ ಕೈ ಹಿಂದೆಗೆದಳು.

ಹನ್ನೊಂದನೇ ದಿನ ಗೂಡು ಬಿಡಿಸಿದರು. ಅಷ್ಟು ಒಳ್ಳೆಯ ಬೆಳೆ ಆ ಮನೆಯಲ್ಲಿ ಹಿಂದೆಂದೂ ಆಗಿರಲಿಲ್ಲ. ಅಜ್ಜಿ ಹಂಡೆಯಲ್ಲಿ ನೀರು ಕಾಯಿಸಿಟ್ಟು, ಎಲ್ಲರನ್ನೂ ಅಂಗಳಕ್ಕೆ ಕರೆದು, ಬಿರುಕಿನಿಂದ ಕಾಗದ ಕಿತ್ತುಕೊಟ್ಟಳು. ಗಂಗರತ್ನ ಮಡಿಕೆ ಬಿಚ್ಚಿದಳು. ಮೇಲೆ ಟೈಪು ಮಾಡಿದ ವಿಳಾಸ. ಒಳಗಿನದನ್ನು ಒಮ್ಮೆ ಓದಿದಳು, ಇನ್ನೊಮ್ಮೆ ಓದಿದಳು. ಹದಿನಾಲ್ಕನೇ ತಾರೀಖು ಬೆಳಿಗ್ಗೆ ಹತ್ತಕ್ಕೆ ಸಂದರ್ಶನ. ಅವತ್ತು ಹದಿನೇಳು.

"ಯಾರೇ? ಬಾಯಿ ಬಿಡೇ, ಯಾರು ಹೋಗಿದ್ದು?"

"ನಾನೇ ಅಜ್ಜಿ" ಅಂದಳು ಗಂಗರತ್ನ.

ಮರುದಿನ ಮೊದಲ ಬಸ್ಸಿಗೆ ಅಪ್ಪ ಮಗಳು ಕೋಲಾರಕ್ಕೆ ಓಡಿದರು. ಗುಮಾಸ್ತ ಪಟ್ಟಿ ತೆಗೆದು ತೋರಿಸಿದ. ಅವಳ ಹೆಸರಿನ ಮೇಲೆ ಈ ತುದಿಯಿಂದ ಆ ತುದಿಗೆ ಒಂದು ಕೆಂಪು ಗೀಟು. ಬಾರದವರ ಹೆಸರು ಹೊಡೆದುಹಾಕುವುದು ಅಲ್ಲಿನ ನಿಯಮ, ಅವನ ತಪ್ಪೇನೂ ಇರಲಿಲ್ಲ. ಅವರು ಮನೆಗೆ ಬರುವ ಹೊತ್ತಿಗೆ ಅಜ್ಜಿ ಒದ್ದೆ ಸೀರೆಯಲ್ಲಿ ಜಗಲಿಯ ಮೇಲೆ ಕೂತಿದ್ದಳು. ಸಾವೆಂದು ಹನ್ನೊಂದು ದಿನ ನೀರಿಟ್ಟಾಗಿದೆ, ಅದನ್ನು ತೊಳೆಯದೆ ಬಿಡಬಾರದೆಂದು ತಾನೇ ತಲೆಗೆ ನೀರು ಹುಯ್ದುಕೊಂಡಿದ್ದಳು. ತಪ್ಪಾಯಿತೆಂದು ಮುದುಕಿ ಬಾಯಿಬಿಟ್ಟು ಹೇಳಲಿಲ್ಲ. ಹೇಳುವ ಜಾತಿಯವಳೇ ಅಲ್ಲ. ಆದರೆ ಅವತ್ತಿನಿಂದ ಅವಳು ಮೊಮ್ಮಗಳನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡಿದ್ದು ಕಡಿಮೆ.

ಮುಂದಿನ ವರ್ಷ ಗಂಗರತ್ನ ಮತ್ತೆ ಅರ್ಜಿ ಹಾಕಿದಳು. ಸಂದರ್ಶನದಲ್ಲಿ, ಹೋದ ವರ್ಷ ಯಾಕೆ ಬರಲಿಲ್ಲ ಅಂದರು. ಇದ್ದದ್ದು ಇದ್ದಂತೆ ಹೇಳಿದಳು. ಮೇಜಿನ ಹಿಂದಿದ್ದ ಒಬ್ಬರು ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ಹದಿನೈದು ದಿನಕ್ಕೆ ವಿಷಾದಿಸುತ್ತೇವೆ ಎಂಬ ಕಾಗದ ಬಂತು. ಅದರ ಮೂಲೆಗಳು ನೆಟ್ಟಗಿದ್ದವು. ಗಂಗರತ್ನ ಹೊಸ್ತಿಲಾಚೆ ನಿಂತು ತಾನೇ ಒಂದು ಮೂಲೆ ಹರಿದಳು. ಚೂರು ಚೂರು ಮಾಡಿ ತಿಪ್ಪೆಗೆ ಹಾಕಿದಳು. ಬಚ್ಚಲಿಗೆ ಹೋಗಿ, ನೀರು ಹುಯ್ದುಕೊಳ್ಳುತ್ತಾ, ನೀರಿನ ಸದ್ದಿನಲ್ಲಿ ಸಾಕಾಗುವಷ್ಟು ಅತ್ತಳು. ಆಮೇಲೆ ತಲೆ ಒರೆಸಿಕೊಂಡು ಬಂದು ಮುದ್ದೆ ಉಂಡಳು. ಸತ್ತದ್ದಕ್ಕೆ ಒಂದು ಸ್ನಾನ, ಬದುಕಿದ್ದಕ್ಕೆ ಒಂದು ಊಟ. ಎಪ್ಪತ್ತೆಂಟರಲ್ಲಿ ಕರೆಯಲೇ ಇಲ್ಲ. ಎಪ್ಪತ್ತೊಂಬತ್ತರಲ್ಲಿ ಕಾಯುವವರ ಪಟ್ಟಿಯಲ್ಲಿ ಮೂರನೆಯವಳಾಗಿ, ಅಲ್ಲೇ ಉಳಿದಳು. ಎರಡು ವರ್ಷವೂ ಅದೇ ಸ್ನಾನ, ಅದೇ ಊಟ.

ಊರ ಬಾಯಿಗೆ ಬೀಗ ಉಂಟೇ? ವರ್ಷಕ್ಕೊಮ್ಮೆ ತನ್ನ ಸಾವಿನ ಕಾಗದ ತಾನೇ ಓದಿಕೊಳ್ಳುವ ಹುಡುಗಿ ಅಂದರು. ಶ್ರೀನಿವಾಸಪುರದ ಕಡೆಯಿಂದ ಬಂದಿದ್ದ ಒಂದು ಸಂಬಂಧ ಆ ಮಾತು ಕೇಳಿ ದಾರಿಯಲ್ಲೇ ತಿರುಗಿಹೋಯಿತು. ಅಜ್ಜಿಯ ಕಣ್ಣಿಗೆ ಆಗಲೇ ಪೊರೆ ಬಂದಿತ್ತು. ಆದರೂ ಪ್ರತಿ ವರ್ಷ ಅರ್ಜಿಯ ಕವರನ್ನು ಕೈಯಲ್ಲಿ ಹಿಡಿದು, ನಾಲ್ಕು ಮೂಲೆಗೂ ಅಂಟು ಒತ್ತಿ, ತಾನೇ ತಡವಿಕೊಂಡು ಹೋಗಿ ಅಂಚೆಪೆಟ್ಟಿಗೆಗೆ ಹಾಕಿ ಬರುತ್ತಿದ್ದಳು.

ಎಂಬತ್ತರಲ್ಲಿ ಕಾಗದ ಬಂದಾಗ ಶ್ರೀರಾಮಪ್ಪ ಅದನ್ನು ಅಜ್ಜಿಯ ಕೈಗೇ ಕೊಟ್ಟ. ಅಜ್ಜಿ ಬೆರಳಾಡಿಸಿ ಒಂದು, ಎರಡು, ಮೂರು, ನಾಲ್ಕು ಎಂದು ಎಣಿಸಿದಳು.

"ನಾಲ್ಕೂ ಅವೆ ಕಣೇ ರತ್ನಾ. ಒಳಗೆ ತಂದು ಓದು."

ಸೀಟು ಸಿಕ್ಕಿತ್ತು. ಹೊರಡುವಾಗ ಗಂಗರತ್ನ ಅಜ್ಜಿಯ ಪಕ್ಕ ಕೂತು ಹೇಳಿದಳು. "ಮೊದಲ ಮೂರು ತಿಂಗಳು ಪರೀಕ್ಷೆ ಕಾಲ ಅಜ್ಜಿ. ಏನೇ ಆದ್ರೂ ಮನೆಗೆ ಬರೋ ಹಾಗಿಲ್ಲ. ಬಂದ್ರೆ ಹೆಸರು ಹೊಡೆದು, ಕಾಯೋ ಪಟ್ಟಿಯೋರಿಗೆ ಸೀಟು ಕೊಡ್ತಾರೆ."

"ಮತ್ತೆ ಕೆಂಪು ಗೀಟಾ?" ಅಂದಳು ಅಜ್ಜಿ.

ಮೂರು ತಿಂಗಳಿಗೆ ಇನ್ನು ಹನ್ನೊಂದು ದಿನ ಬಾಕಿಯಿದ್ದಾಗ ಹಾಸ್ಟೆಲಿಗೆ ಒಂದು ಕಾಗದ ಬಂತು. ಕವರಿನಲ್ಲಿತ್ತು, ಬಾಯಿ ಅಂಟಿಸಿತ್ತು, ಮೂಲೆ ಹರಿದಿತ್ತು. ಈ ಸಲ ಇಲಿಯ ಕೆಲಸವಲ್ಲ, ಬೆರಳಿನಲ್ಲಿ ನೆಟ್ಟಗೆ ಹರಿದದ್ದು. ಓದಿದರೆ ಸೂತಕ. ಸೂತಕವೆಂದರೆ ಹೋಗಬೇಕು. ಹೋದರೆ ಕೆಂಪು ಗೀಟು. ಓದದಿದ್ದರೆ ಯಾರೂ ಸತ್ತಿಲ್ಲ. ನಾಲ್ಕು ವರ್ಷ ಅಜ್ಜಿಯ ಆ ಲೆಕ್ಕವನ್ನು ಮನಸ್ಸಿನಲ್ಲೇ ಶಪಿಸಿದ್ದವಳು, ಹಾಸ್ಟೆಲಿನ ಹಿತ್ತಲಿಗೆ ಹೋಗಿ, ಕಲ್ಲುಗೋಡೆಯ ಸಂದಿಯಲ್ಲಿ ಕಾಗದವನ್ನು ತುರುಕಿ ಬಂದಳು. ತನ್ನ ಮೇಲೆ ತನಗೇ ಹೇಸಿಗೆಯಾಯಿತು. ಆದರೂ ಅದನ್ನು ಮತ್ತೆ ತೆಗೆಯಲಿಲ್ಲ.

ಅವಳಿಗಾಗ ಹೆಂಗಸರ ವಾರ್ಡಿನ ಕೆಲಸ. ಏಳನೇ ಮಂಚದಲ್ಲಿ ಶ್ರೀನಿವಾಸಪುರದ ಕಡೆಯ ಚಿಕ್ಕಗಂಗಮ್ಮ ಎಂಬ ಮುದುಕಿ ವಿಷಮಶೀತ ಜ್ವರದಲ್ಲಿ ಮೈಮರೆತು ಮಲಗಿದ್ದಳು. ಕಾಗದ ಬಂದ ಸಂಜೆ ಗಂಗರತ್ನ ಹಣೆಗೆ ಒದ್ದೆ ಬಟ್ಟೆ ಹಾಕುತ್ತಿದ್ದಾಗ ಮುದುಕಿ ಕಣ್ಣು ಬಿಟ್ಟಳು.

"ಸದಿವಿತಿವಾ ಅಮ್ಮಾ?" ಅಂದಳು ತೆಲುಗಿನಲ್ಲಿ. ಓದಿದೆಯಾ ತಾಯಿ, ಅಂತ.

ಗಂಗರತ್ನ ಮುದುಕಿಯತ್ತ ಬಗ್ಗಿದಳು. "ಇಲ್ಲ" ಅಂದಳು, ಯಾರಿಗೆ ಹೇಳುತ್ತಿದ್ದೇನೆಂದು ತಿಳಿಯದೆ.

"ಸದವೊದ್ದು. ಇಂಕಾ ಲೇಯಲೇದು" ಅಂದು ಮುದುಕಿ ಕಣ್ಣು ಮುಚ್ಚಿದಳು. ಓದಬೇಡ, ಇನ್ನೂ ಎದ್ದಿಲ್ಲ.

ಹುಳುಮನೆಯ ಮಾತು ಅದು. ಶ್ರೀನಿವಾಸಪುರದ ಕಡೆಯೂ ರೇಷ್ಮೆ ಉಂಟು, ಜ್ವರದ ತಾಪಕ್ಕೆ ಮುದುಕಿ ತನ್ನ ಮನೆಯ ಹುಳುವನ್ನು ನೆನೆದು ಬಡಬಡಿಸಿರಬೇಕು ಎಂದು ಗಂಗರತ್ನ ಸಮಾಧಾನ ಹೇಳಿಕೊಂಡಳು. ಆದರೆ ಮರುದಿನ ಸಂಜೆಯೂ ಅದೇ ಪ್ರಶ್ನೆ, ಅದರ ಮರುದಿನವೂ ಅದೇ. ಒಂದು ಸಂಜೆ ವಾರ್ಡಿನ ದೀಪ ಹಾಕುವ ಹೊತ್ತಿಗೆ ಅವಳಿಗೆ ಸೋನೆ ಮಳೆಯ ಸದ್ದು ಕೇಳಿಸಿತು. ಕಿಟಕಿ ತೆರೆದು ನೋಡಿದರೆ ಅಂಗಳ ಒಣಗಿತ್ತು. ಸದ್ದು ಒಳಗಿನಿಂದ, ಮಂಚಗಳ ಸಾಲಿನಿಂದ ಬರುತ್ತಿತ್ತು. ಹೆದರಿದಳು. ಆದರೆ ಆ ಹೆದರಿಕೆಯೊಳಗೇ ಏನೋ ಒಂದು ಧೈರ್ಯವಿತ್ತು. ಹುಳು ಮೇಯುತ್ತಿದೆಯೆಂದರೆ ಬೆಳೆ ಕೆಟ್ಟಿಲ್ಲ.

ಹನ್ನೊಂದನೇ ದಿನ ಮೇಟ್ರನ್ ಅವಳನ್ನು ಕರೆದು, ದಪ್ಪ ಪುಸ್ತಕದಲ್ಲಿ ಪೆನ್ಸಿಲ್ಲಿನಿಂದ ಬರೆದಿದ್ದ ಅವಳ ಹೆಸರಿನ ಮೇಲೆ ಮಸಿಯಿಂದ ತಿದ್ದಿದರು. ಸೀಟು ಗಟ್ಟಿಯಾಯಿತು. ಗಂಗರತ್ನ ನೆಟ್ಟಗೆ ಹಿತ್ತಲಿಗೆ ಹೋದಳು, ನಿಂತುಕೊಂಡೇ ಕಾಗದ ಒಡೆದಳು. ಅಪ್ಪ ಹೇಳಿ ಶ್ರೀರಾಮಪ್ಪನ ಕೈಲಿ ಬರೆಸಿದ್ದ.

'ನಿಮ್ಮಜ್ಜಿ ಶುಕ್ರವಾರ ಸಂಜೆ ಹೋದರು. ಹೆಚ್ಚು ನರಳಲಿಲ್ಲ. ನಿನಗೆ ಕಾಗದ ಹಾಕುವುದೋ ಬೇಡವೋ ಎಂದು ಕೊನೆಗಾಲದಲ್ಲಿ ನಾನು ಕೇಳಿದ್ದಕ್ಕೆ, ಸಾವು ಮುಚ್ಚಿಡಬಾರದು, ಹಾಕು ಅಂದರು. ಮೂಲೆ ಹರಿಯುವುದನ್ನು ಮಾತ್ರ ಮರೆಯಬೇಡ ಎಂದು ನಾಲ್ಕು ಸಲ ಹೇಳಿದರು. ಮೂಲೆ ಕಂಡರೆ ನನ್ನ ಮೊಮ್ಮಗಳು ಓದುವುದಿಲ್ಲ, ಗೂಡು ಕಟ್ಟುವವರೆಗೂ ಗೋಡೆಯಲ್ಲಿಟ್ಟಿರುತ್ತಾಳೆ, ಈ ಸಲವಾದರೂ ಅವಳ ಬೆಳೆ ಕೈಗೆ ಸಿಗಲಿ ಅಂದರು.'

ಗಂಗರತ್ನ ಕಾಗದವನ್ನು ಹರಿದಳು. ಬಚ್ಚಲಿನಲ್ಲಿ ನಲ್ಲಿ ಬಿಟ್ಟು, ನಾಲ್ಕು ವರ್ಷದ ಅಳುವನ್ನೆಲ್ಲ ಅತ್ತಳು. ಮರುದಿನ ಬೆಳಿಗ್ಗೆ ಊರಿಗೆ ಹೋಗಲು ರಜೆ ಸಿಕ್ಕಿತು, ಅದಕ್ಕೆ ಮುಂಚೆ ಅವತ್ತಿನ ಸಂಜೆಯ ಕೆಲಸ ಮುಗಿಸಬೇಕಿತ್ತು. ಒದ್ದೆ ಕೂದಲನ್ನೇ ಕಟ್ಟಿಕೊಂಡು ವಾರ್ಡಿಗೆ ಬಂದಳು.

ಏಳನೇ ಮಂಚದ ಚಿಕ್ಕಗಂಗಮ್ಮ ಎದ್ದು ಕೂತಿದ್ದಳು. ಜ್ವರ ಬಿಟ್ಟಿತ್ತು.

"ಓದಿದೆ ಅಜ್ಜಿ" ಅಂದಳು ಗಂಗರತ್ನ.

ಮುದುಕಿ ಪಿಳಿಪಿಳಿ ನೋಡಿದಳು. "ಏನು ಓದಿದ್ಯೋ ತಾಯಿ, ನನಗೇನು ತಿಳೀತದೆ? ನೀನು ಯಾರೋ ನಾನು ಕಾಣೆ. ಗಂಟಲು ಒಣಗೋಗದೆ, ಒಂದು ಲೋಟ ನೀರು ಕೊಡ್ತೀಯಾ?"

ಗಂಗರತ್ನ ನೀರು ತಂದಳು. ಒಂದು ಕೈಯಿಂದ ಮುದುಕಿಯ ಬೆನ್ನಿಗೆ ಆಸರೆ ಕೊಟ್ಟು, ಇನ್ನೊಂದು ಕೈಯಿಂದ ಲೋಟವನ್ನು ಬಾಯಿಗೆ ಹಿಡಿದು, ಅದು ಪೂರ್ತಿ ಖಾಲಿಯಾಗುವವರೆಗೂ ಹಾಗೇ ನಿಂತಿದ್ದಳು.